ಮನೆಗೇ ಬಂದು ಮಾಡುವ ಫುಲ್ ಬಾಡಿ ಚೆಕಪ್: ರಬ್ಬರ್ ಫ್ಯಾಕ್ಟರಿಯವನ ಐದಕ್ಕೆ ಮೂರು ಸ್ಟಾರ್

ಲ್ಯಾಬಿನ ಹೆಸರು ಹಾಕುತ್ತಿಲ್ಲ. ಮೈಸೂರಿನಲ್ಲಿ ಇಂಥ ಪ್ಯಾಕೇಜು ಮಾರುವವರು ಬೀದಿಗೊಬ್ಬರಿದ್ದಾರೆ. ಎಲ್ಲರದೂ ಹೆಚ್ಚುಕಡಿಮೆ ಅದೇ ಫಾರಂ, ಅದೇ ರಿಪೋರ್ಟು. ಒಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳುವ ಉದ್ದೇಶ ನನಗಿಲ್ಲ.

ನನಗೆ 62 ವರ್ಷ. ಊರು ಪಾಂಡವಪುರದ ಹತ್ತಿರ, ಮನೆ ಈಗ ಹೂಟಗಳ್ಳಿಯಲ್ಲಿ. 1988ರಿಂದ 2021ರವರೆಗೆ ಒಂದು ರಬ್ಬರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಮೊದಲ 14 ವರ್ಷ ಮಿಕ್ಸಿಂಗ್, ಆಮೇಲೆ ರಿಟೈರ್ ಆಗುವ ತನಕ ಕ್ಯೂರಿಂಗ್ ಪ್ರೆಸ್ಸು, ಅಂದರೆ ರಬ್ಬರನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುವ ಯಂತ್ರ. ಈ ವಿವರ ಯಾಕೆ ಮೊದಲೇ ಹೇಳಿದೆ ಅಂದರೆ, ಲ್ಯಾಬಿನವರು ಕೇಳಲೇ ಇಲ್ಲ. ಇಲ್ಲಾದರೂ ಹೇಳಿಕೊಳ್ಳೋಣ ಅಂತ.

ಬೆಂಗಳೂರಿನಲ್ಲಿರುವ ಮಗಳು ನನ್ನ ಹುಟ್ಟುಹಬ್ಬಕ್ಕೆ ಈ ಪ್ಯಾಕೇಜು ಬುಕ್ ಮಾಡಿದಳು. 84 ಪರೀಕ್ಷೆ, 2,499 ರೂಪಾಯಿ. ಪಕ್ಕದಲ್ಲಿ 5,999 ಅಂತ ಬರೆದು ಗೀಟು ಎಳೆದಿದ್ದರು. ಆ 5,999 ಕೊಟ್ಟು ಇದುವರೆಗೆ ಒಬ್ಬರಾದರೂ ಮಾಡಿಸಿದ್ದಾರಾ ಅಂತ ನನಗೆ ಅನುಮಾನ. ಶರ್ಟು ಕೊಡಿಸಿದ್ದರೆ ಸಾಕಿತ್ತು ಅಂದೆ. "ಶರ್ಟು ಬೀರು ತುಂಬಾ ಇದೆ, ಸುಮ್ನೆ ಮಾಡಿಸ್ಕೊಳಪ್ಪ" ಅಂದಳು.

ಒಳ್ಳೆಯದನ್ನು ಮೊದಲು ಹೇಳಬೇಕು. ಬೆಳಿಗ್ಗೆ ಆರೂವರೆಗೆ ಬರುತ್ತೇವೆ ಅಂದವರು ಆರು ಮೂವತ್ತೈದಕ್ಕೆ ಗೇಟು ತಟ್ಟಿದರು. ಬಂದ ಹುಡುಗ ಇಲವಾಲದ ಕಡೆಯವನು. ಚಪ್ಪಲಿ ಹೊರಗೆ ಬಿಟ್ಟ, ಕೈ ತೊಳೆದ, ಹೊಸ ಸೂಜಿ ನನ್ನ ಕಣ್ಣೆದುರೇ ಬಿಚ್ಚಿದ. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ರಬ್ಬರ್ ಪಟ್ಟಿ ಕಟ್ಟುವಾಗ ನನ್ನ ಮುಂಗೈ ನೋಡಿ, "ಏನ್ ಅಂಕಲ್ ಇದು, ಇಷ್ಟೊಂದು ಸುಟ್ಟ ಗಾಯ?" ಅಂದ. "ಪ್ರೆಸ್ಸಿಂದು ಕಣಪ್ಪ. ಮೋಲ್ಡು ತಾಗಿದ್ದು" ಅಂದೆ. "ಅಯ್ಯೋ" ಅಂತ ಹೇಳಿ ಸೂಜಿ ಹಾಕಿದ. ಇಡೀ ವ್ಯವಹಾರದಲ್ಲಿ ನನ್ನ ಕೆಲಸದ ಬಗ್ಗೆ ಬಂದ ಮಾತು ಅದೊಂದೇ. ಅವನ ಮೊಬೈಲಿನಲ್ಲಿ ಅದನ್ನು ಬರೆದುಕೊಳ್ಳೋಕೆ ಜಾಗ ಇರಲಿಲ್ಲ.

ಹಾಗಂತ ಅವನು ಏನೂ ಕೇಳಲಿಲ್ಲ ಅಂತಲ್ಲ. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಆಪರೇಷನ್ ಆಗಿದೆಯಾ, ಸಿಗರೇಟು, ಕುಡಿತ, ಮನೆತನದಲ್ಲಿ ಕ್ಯಾನ್ಸರ್. ಆಮೇಲೆ ಉದ್ಯೋಗ. ಅದಕ್ಕೆ ಅವರೇ ಕೊಟ್ಟ ಐದು ಉತ್ತರ ಇದ್ದವು: ಉದ್ಯೋಗಿ, ಸ್ವಂತ ವ್ಯಾಪಾರ, ಗೃಹಿಣಿ, ವಿದ್ಯಾರ್ಥಿ, ನಿವೃತ್ತ. ಹುಡುಗ ನನ್ನ ತಲೆಗೂದಲು ನೋಡಿ ಕೇಳದೆಯೇ 'ನಿವೃತ್ತ' ಒತ್ತಿದ. ಬ್ಯಾಂಕಿನಿಂದ ನಿವೃತ್ತನಾದವನೂ ನಿವೃತ್ತ, ಬ್ಯಾನ್ಬರಿಯಿಂದ ನಿವೃತ್ತನಾದವನೂ ನಿವೃತ್ತ.

ಬ್ಯಾನ್ಬರಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಎರಡು ಅಂತಸ್ತಿನ ಮನೆಯಷ್ಟು ಬೆಳೆದರೆ ಹೇಗಿರುತ್ತದೋ ಹಾಗೆ. ಅದರೊಳಗೆ ರಬ್ಬರ್ ಹಾಕಬೇಕು. ಜೊತೆಗೆ ಕಾರ್ಬನ್ ಪುಡಿ, ಎಣ್ಣೆ, ಜಿಂಕ್ ಆಕ್ಸೈಡು, ಗಂಧಕ, ಆಕ್ಸಿಲರೇಟರು, ರಬ್ಬರ್ ಬೇಗ ಹಳತಾಗದಿರಲಿ ಅಂತ ಇನ್ನೊಂದು ಪುಡಿ. ನಮ್ಮಲ್ಲಿ ಚೀಲ ಹರಿದು ಕೈಯಲ್ಲೇ ಸುರಿಯುತ್ತಿದ್ದೆವು. ಮೂಗಿಗೆ ಟವೆಲ್ಲು. ಕಾರ್ಬನ್ ಪುಡಿ ಎಷ್ಟು ಸಣ್ಣದೆಂದರೆ ಸೋಪಿಗೂ ಬಗ್ಗುವುದಿಲ್ಲ, ಸೀಗೆಪುಡಿಗೂ ಬಗ್ಗುವುದಿಲ್ಲ. ಬೆಳಿಗ್ಗೆ ಎದ್ದರೆ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಇರುತ್ತಿತ್ತು. ಉಗುಳು ಕಪ್ಪು, ಸಿಂಬಳ ಕಪ್ಪು. ನನ್ನ ದಿಂಬಿಗೆ ಬಿಳಿ ಕವರ್ ಹಾಕುವುದನ್ನು ನನ್ನ ಹೆಂಡತಿ ಮದುವೆಯಾದ ಎರಡನೇ ವಾರಕ್ಕೇ ನಿಲ್ಲಿಸಿದಳು.

ಮಧ್ಯಾಹ್ನ ಕಂಪನಿಯವರು ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಕರಗುತ್ತೆ ಅಂತ ಎಲ್ಲರ ನಂಬಿಕೆ. ಮಂಡ್ಯದವರಿಗೆ ಬೆಲ್ಲ ಕೊಟ್ಟು ಸಮಾಧಾನ ಮಾಡುವುದು ಸುಲಭ, ಅಲ್ವಾ. ಧೂಳು ಇಳಿಯುವುದು ಎದೆಗೆ, ಬೆಲ್ಲ ಇಳಿಯುವುದು ಹೊಟ್ಟೆಗೆ. ಎರಡೂ ಭೇಟಿಯಾಗುವುದೇ ಇಲ್ಲ ಅಂತ ಹೊಳೆಯೋಕೆ ನನಗೆ ಹತ್ತು ವರ್ಷ ಬೇಕಾಯಿತು. ಬೆಲ್ಲದ ಮಾತು ಬಂತು ಅಂತ ಇನ್ನೊಂದು: ಬೆಂಕಿ ಜೋರಾಗಲಿ ಅಂತ ಒಲೆಗೆ ಹಳೆ ಟೈರು ತುರುಕುವ ಆಲೆಮನೆಯನ್ನೂ ನಮ್ಮ ಕಡೆ ಕಣ್ಣಾರೆ ನೋಡಿದ್ದೇನೆ. ಅದು ಬೇರೆಯೇ ಕಥೆ.

ರಿಪೋರ್ಟಿಗೆ ಬರೋಣ. ಅದೇ ದಿನ ರಾತ್ರಿ ಎಂಟಕ್ಕೆ ಮೊಬೈಲಿಗೆ ಬಂತು. ವೇಗಕ್ಕೆ ಪೂರ್ತಿ ಅಂಕ. 19 ಪುಟ, ಬಣ್ಣ ಬಣ್ಣದ ಗೆರೆ, ಓಡುತ್ತಿರುವ ಹುಡುಗಿಯ ಚಿತ್ರ. ಆದರೆ 84 ಅನ್ನುವ ಲೆಕ್ಕ ಸ್ವಲ್ಪ ಮೋಸದ್ದು. ರಕ್ತದ ಎಣಿಕೆ ಒಂದನ್ನೇ 24 ಪರೀಕ್ಷೆ ಅಂತ ಎಣಿಸಿದ್ದಾರೆ. ಒಂದು ಟ್ಯೂಬ್ ರಕ್ತ, ಒಂದು ಮೆಷಿನ್ನು, 24 ಸಾಲು. ಚಿತ್ರಾನ್ನ ಬಡಿಸಿ ಅನ್ನ, ಸಾಸಿವೆ, ಕರಿಬೇವು, ಕಡಲೆಬೇಳೆ ಬೇರೆ ಬೇರೆ ಎಣಿಸಿ ಎಂಟು ಐಟಂ ಊಟ ಅಂದ ಹಾಗೆ. ಲಿವರ್, ಕಿಡ್ನಿ, ಥೈರಾಯ್ಡ್, ಕೊಬ್ಬು, ಮೂರು ತಿಂಗಳ ಸಕ್ಕರೆ, ವಿಟಮಿನ್ ಡಿ, ಬಿ12. ಕೊನೆಗೆ 18ನೇ ಪುಟದಲ್ಲಿ ಮೂತ್ರ.

ಇದರ ಜೊತೆ 'ಉಚಿತ ಡಾಕ್ಟರ್ ಸಲಹೆ' ಅಂತ ಇತ್ತು. ಮಾರನೆಯ ದಿನ ಫೋನು ಬಂತು. ನಾಲ್ಕು ನಿಮಿಷ ಮಾತು. ಮೂರು ನಿಮಿಷ ವಿಟಮಿನ್ ಡಿ. ಅದು ಕಮ್ಮಿ ಇದೆ, ವಾರಕ್ಕೊಂದು ಮಾತ್ರೆ ತಗೊಳ್ಳಿ, ಲಿಂಕ್ ಕಳಿಸುತ್ತೇವೆ, ಅಲ್ಲೇ ಆರ್ಡರ್ ಮಾಡಿ. ಕೊಬ್ಬು ಸ್ವಲ್ಪ ಜಾಸ್ತಿ, ನಡೆಯಿರಿ. ನಾನೇ ಕೇಳಿದೆ: "ಡಾಕ್ಟ್ರೇ, 18ನೇ ಪುಟದಲ್ಲಿ ಮೂತ್ರದಲ್ಲಿ ಕೆಂಪು ರಕ್ತಕಣ 8–10 ಅಂತಿದೆ. ಪಕ್ಕದಲ್ಲಿ ಇರಬೇಕಾದ್ದು 0–2 ಅಂತಿದೆ. ಏನದು?" ಅವರು ಒಂದು ಕ್ಷಣ ಸುಮ್ಮನಿದ್ದರು, ಪುಟ ತಿರುಗಿಸಿದರೇನೋ. "ನೀರು ಚೆನ್ನಾಗಿ ಕುಡೀರಿ ಸರ್. ಬೇಸಿಗೆ ಅಲ್ವಾ, ಉಷ್ಣಕ್ಕೆ ಹಾಗಾಗುತ್ತೆ."

ಉಷ್ಣ ಅನ್ನುವ ಮಾತು ಕೇಳಿದ್ದೇ ನನಗೆ ನಮ್ಮ ಮೇಸ್ತ್ರಿಯ ನೆನಪಾಯಿತು.

ಮಿಕ್ಸಿಂಗ್‌ನಲ್ಲಿ ನನಗೆ ಕೆಲಸ ಕಲಿಸಿದವರು ಅವರು. ನನಗಿಂತ ಹನ್ನೊಂದು ವರ್ಷ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಕಲಸಿದ ರಬ್ಬರನ್ನು ಬೆರಳಲ್ಲಿ ಒತ್ತಿ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು, ಲ್ಯಾಬಿನ ಮೀಟರು ಆಮೇಲೆ ಅದನ್ನೇ ಹೇಳುತ್ತಿತ್ತು. ರಿಟೈರ್ ಆಗಿ ನಾಲ್ಕು ವರ್ಷಕ್ಕೆ ಒಂದು ದಿನ ಮೂತ್ರ ಕೆಂಪಗೆ ಹೋಯಿತಂತೆ. ನೋವಿಲ್ಲ, ಉರಿಯಿಲ್ಲ. ಉಷ್ಣ ಅಂತ ಎಳನೀರು ಕುಡಿದರು, ಬಾರ್ಲಿ ಗಂಜಿ ಕುಡಿದರು, ಕಾಮಕಸ್ತೂರಿ ಬೀಜ ನೆನೆಸಿ ಕುಡಿದರು. ಎರಡು ದಿನಕ್ಕೆ ನಿಂತೂ ಹೋಯಿತು. ಎಳನೀರಿನಿಂದ ವಾಸಿಯಾಯಿತು ಅಂದುಕೊಂಡರು. ಏಳು ತಿಂಗಳ ಮೇಲೆ ಮತ್ತೆ ಬಂತು, ಆಗ ಗಡ್ಡೆಗಡ್ಡೆಯಾಗಿ ರಕ್ತ. ಮೂತ್ರಕೋಶದ ಕ್ಯಾನ್ಸರ್ ಗೋಡೆ ದಾಟಿ ಆಚೆ ಹೋಗಿತ್ತು. 2016ರಲ್ಲಿ ತೀರಿಕೊಂಡರು. ಈ ಕಾಯಿಲೆಯ ಕೆಟ್ಟ ಬುದ್ಧಿಯೇ ಅದು ಅಂತ ಈಗ ಗೊತ್ತು. ನೋವಿಲ್ಲದೆ ರಕ್ತ ಕಾಣಿಸುತ್ತದೆ, ತಾನಾಗಿ ನಿಲ್ಲುತ್ತದೆ, ವಾಸಿಯಾಯಿತು ಅಂತ ನಂಬಿಸುತ್ತದೆ.

ಹಾಗಾಗಿ ನಾನು ನೀರು ಕುಡಿದು ಸುಮ್ಮನಾಗಲಿಲ್ಲ. ಆ 18ನೇ ಪುಟ ಪ್ರಿಂಟ್ ಹಾಕಿಸಿಕೊಂಡು ಮೂತ್ರರೋಗದ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಡಾಕ್ಟರು. ರಿಪೋರ್ಟು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಬೀಡಿ ಸೇದ್ತಿದ್ರಾ?" ಸೇದುತ್ತಿದ್ದೆ, 1998ರಲ್ಲಿ ಬಿಟ್ಟೆ. ಎರಡನೇ ಪ್ರಶ್ನೆ, "ಏನ್ ಕೆಲಸ ಮಾಡ್ತಿದ್ರಿ?" ರಬ್ಬರ್ ಅಂದೆ. ಪೆನ್ನು ಕೆಳಗಿಟ್ಟರು. "ಯಾವ ಸೆಕ್ಷನ್ನು? ಎಷ್ಟು ವರ್ಷ?"

84 ಪರೀಕ್ಷೆಯಲ್ಲಿ ಇಲ್ಲದ್ದು ಇದು. ಇದಕ್ಕೆ ಸೂಜಿ ಬೇಡ, ಮೆಷಿನ್ನು ಬೇಡ.

ಅವರು ಹೇಳಿದ್ದು, ಆಮೇಲೆ ಮಗಳು ಹುಡುಕಿ ಓದಿ ಹೇಳಿದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ. ಅವಳು ಔಷಧ ಕಂಪನಿಯಲ್ಲಿದ್ದಾಳೆ, ಇಂಥದ್ದು ಓದೋಕೆ ಬರುತ್ತೆ.

ಹಿಂದೆ ರಬ್ಬರ್ ಬೇಗ ಹಾಳಾಗದಿರಲಿ ಅಂತ ಹಾಕುತ್ತಿದ್ದ ಒಂದು ಪುಡಿಯಲ್ಲಿ ಬೀಟಾ ನ್ಯಾಫ್ತಿಲಮೈನ್ ಅನ್ನುವ ವಿಷ ಸೇರಿರುತ್ತಿತ್ತು. ಅದು ಉಸಿರಿನಲ್ಲಿ, ಚರ್ಮದಲ್ಲಿ ಒಳಗೆ ಹೋಗಿ ಮೂತ್ರದಲ್ಲಿ ಹೊರಗೆ ಬರುತ್ತದೆ. ಬರುವ ದಾರಿಯಲ್ಲಿ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಅದಕ್ಕೇ ಪೆಟ್ಟು ಅಲ್ಲಿಗೆ. ಬ್ರಿಟನ್ನಿನ ರಬ್ಬರ್ ಕಾರ್ಖಾನೆಗಳು ಆ ಪುಡಿಯನ್ನು 1949ರಲ್ಲೇ ಬಿಟ್ಟವು. ಬಣ್ಣದ ಕಾರ್ಖಾನೆಯವರ ಮೂತ್ರಕೋಶದಲ್ಲಿ ಗಡ್ಡೆ ಬರುತ್ತಿದೆ ಅಂತ ಜರ್ಮನಿಯ ಲುಡ್ವಿಗ್ ರೇನ್ ಅನ್ನುವ ಸರ್ಜನ್ ಅದಕ್ಕೂ ಮೊದಲೇ, 1895ರಲ್ಲೇ ಹೇಳಿದ್ದರು. ತಮಾಷೆ ಅಂದರೆ ಅದೇ ಬೀಟಾ ನ್ಯಾಫ್ತಿಲಮೈನ್ ತಂಬಾಕಿನ ಹೊಗೆಯಲ್ಲೂ ಇದೆ. ನಾನು ಬೀಡಿಯಿಂದ ಎಷ್ಟು ತಗೊಂಡೆ, ಮಿಲ್ಲಿನಿಂದ ಎಷ್ಟು ತಗೊಂಡೆ ಅಂತ ಈಗ ಯಾವ ಲ್ಯಾಬೂ ಪಾಲು ಮಾಡಿ ಕೊಡಲ್ಲ.

ಕ್ಯೂರಿಂಗ್‌ನಲ್ಲಿ ಧೂಳು ಕಮ್ಮಿ ಅಂತ ನಾವೆಲ್ಲ ಅಲ್ಲಿಗೆ ಹೋಗೋಕೆ ಆಸೆಪಡುತ್ತಿದ್ದೆವು. ನಾನೂ ಮೇನೇಜರ್ ಹತ್ತಿರ ಎರಡು ವರ್ಷ ಗೋಗರೆದು ಹೋದವನು. ಆದರೆ ಅಲ್ಲಿ ಹೊಗೆ. ಪ್ರೆಸ್ಸು 150 ಡಿಗ್ರಿ ಸುಮಾರಿಗೆ ಕಾದಿರುತ್ತದೆ, ಬಾಯಿ ತೆರೆದ ತಕ್ಷಣ ಬಿಸಿ ಹಬೆ ಮುಖಕ್ಕೆ. ಗಂಧಕ ಬೇಗ ಹಿಡಿಯಲಿ ಅಂತ ಹಾಕುವ ಕೆಲವು ಆಕ್ಸಿಲರೇಟರುಗಳು ಆ ಬಿಸಿಗೆ ಒಡೆದು, ಗಾಳಿಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ ನೈಟ್ರೋಸಮೈನ್ ಆಗುತ್ತವೆ. ಅದೂ ಕ್ಯಾನ್ಸರ್ ತರುವ ಪೈಕಿಯದು. ಕಣ್ಣಿಗೆ ಕಾಣುವ ಕಪ್ಪು ಧೂಳಿಗೆ ಹೆದರಿ ಕಣ್ಣಿಗೆ ಕಾಣದ್ದರ ಹತ್ತಿರ ಹೋಗಿ 19 ವರ್ಷ ನಿಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. ಯಾವುದರಿಂದ ಕ್ಯಾನ್ಸರ್ ಬರುತ್ತದೆ ಅಂತ ಪಟ್ಟಿ ಮಾಡುವವರು ಅವರೇ. ಅವರು ರಬ್ಬರ್ ತಯಾರಿಕೆಯ ಕೆಲಸವನ್ನು 1982ರಲ್ಲೇ ಪರಿಶೀಲಿಸಿ, ಇದರಲ್ಲಿ ಕ್ಯಾನ್ಸರ್ ಅಪಾಯ ಇದೆ ಅಂದಿದ್ದರು. ನಾನು ಗೇಟು ಹೊಕ್ಕಿದ್ದು ಅದಾದ ಆರು ವರ್ಷಕ್ಕೆ. ಯಾವುದೋ ಒಂದು ಪುಡಿಯನ್ನಲ್ಲ, ಆ ಕೆಲಸವನ್ನೇ ಒಂದನೇ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಾತ್ರಿಯಾದವುಗಳ ಗುಂಪಿನಲ್ಲಿ ಇಟ್ಟಿದ್ದಾರೆ. ಬೀಡಿ ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. 2012ರಲ್ಲಿ ಮತ್ತೆ ಪ್ರಕಟಿಸಿದಾಗ ಮೂತ್ರಕೋಶ, ಶ್ವಾಸಕೋಶ, ಹೊಟ್ಟೆಯ ಕ್ಯಾನ್ಸರ್, ಲ್ಯುಕೀಮಿಯಾ ಅನ್ನುವ ರಕ್ತದ ಕ್ಯಾನ್ಸರ್, ಲಿಂಫೋಮಾ ಅನ್ನುವ ದುಗ್ಧಗ್ರಂಥಿಯ ಕ್ಯಾನ್ಸರ್, ಇಷ್ಟಕ್ಕೂ ಸಾಕಷ್ಟು ಸಾಕ್ಷಿ ಇದೆ ಅಂದರು. ಗುಂಪು ಒಂದೇ ಅಂದ ಮಾತ್ರಕ್ಕೆ ಅಪಾಯ ಅಷ್ಟೇ ಅಂತ ಅರ್ಥ ಅಲ್ಲವಂತೆ. ಸಾಕ್ಷಿ ಅಷ್ಟು ಗಟ್ಟಿಯಾಗಿದೆ ಅಂತ ಅರ್ಥ.

ಬ್ರಿಟನ್ನಿನಲ್ಲಿ 36,441 ರಬ್ಬರ್ ಕಾರ್ಮಿಕರನ್ನು 49 ವರ್ಷ ಹಿಂಬಾಲಿಸಿ ಲೆಕ್ಕ ಇಟ್ಟಿದ್ದಾರೆ. 1967ರಲ್ಲಿ 35 ದಾಟಿದ್ದ ಗಂಡಸರು. ಯಾರು ಯಾವ ಸೆಕ್ಷನ್ನಿನಲ್ಲಿ ಇದ್ದರು, ಅಲ್ಲಿ ಧೂಳು ಎಷ್ಟು, ನೈಟ್ರೋಸಮೈನ್ ಎಷ್ಟು, ಕೊನೆಗೆ ಯಾವುದರಿಂದ ಸತ್ತರು. ಜಾಸ್ತಿ ಕುಡಿದವರಲ್ಲಿ, ಅಂದರೆ ಗಾಳಿಯಲ್ಲಿ ಕುಡಿದವರಲ್ಲಿ, ಮೂತ್ರಕೋಶ, ಶ್ವಾಸಕೋಶ, ಹೊಟ್ಟೆಯ ಕ್ಯಾನ್ಸರಿನ ಸಾವೂ ಜಾಸ್ತಿ. ಮಗಳು ಇದನ್ನು ಓದಿ ಹೇಳುವಾಗ ನಾನು ಸತ್ತವರ ಬಗ್ಗೆ ಯೋಚಿಸಲಿಲ್ಲ. 49 ವರ್ಷ ಒಬ್ಬರ ಹೆಸರು ಇಟ್ಟುಕೊಂಡು ಕಾಯುವ ಪುಸ್ತಕ ಇರುತ್ತದಲ್ಲ, ಅದರ ಬಗ್ಗೆ ಹೊಟ್ಟೆಕಿಚ್ಚಾಯಿತು. ನಮ್ಮ ಮಸ್ಟರ್ ರೋಲ್ ಎಲ್ಲಿದೆಯೋ.

ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ಕಾರ್ಖಾನೆಯವರ ಸಾವಿನ ಲೆಕ್ಕವನ್ನು ಊರವರ ಸಾವಿನ ಲೆಕ್ಕದ ಪಕ್ಕ ಇಟ್ಟರೆ ಎಷ್ಟೋ ಸಲ ಕಾರ್ಖಾನೆಯವರೇ ಗಟ್ಟಿ ಅನ್ನಿಸುತ್ತದಂತೆ. ಯಾಕೆಂದರೆ ಸೇರಿಸಿಕೊಳ್ಳುವಾಗಲೇ ಗಟ್ಟಿಗರನ್ನು ಆರಿಸಿರುತ್ತಾರೆ. ನಿಜ. ನನ್ನನ್ನು ಸೇರಿಸಿಕೊಂಡ ದಿನ 50 ಕೇಜಿ ಚೀಲ ಹೊರಿಸಿ ಮೆಟ್ಟಿಲು ಹತ್ತಿಸಿದ್ದರು. ಕೆಮ್ಮುತ್ತಿದ್ದವನೊಬ್ಬನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಆ ಕೆಮ್ಮುವವನು ಊರವರ ಲೆಕ್ಕಕ್ಕೆ, ನಾನು ಕಾರ್ಖಾನೆ ಲೆಕ್ಕಕ್ಕೆ. ಹೋಲಿಸಿದರೆ ಏನು ಗೊತ್ತಾಗುತ್ತೆ?

ಎಲ್ಲವೂ ಕೆಟ್ಟ ಸುದ್ದಿಯೇ ಅಲ್ಲ. 1975ರ ನಂತರ ಕೆಲಸಕ್ಕೆ ಸೇರಿದ ಯುರೋಪಿನ ರಬ್ಬರ್ ಕಾರ್ಮಿಕರನ್ನು ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ ಕ್ಯಾನ್ಸರ್ ಸಾವು ಊರವರಿಗಿಂತ ಹೆಚ್ಚು ಕಾಣಲಿಲ್ಲವಂತೆ. "ನೀನೂ 1975ರ ಆಮೇಲೆಯೇ ಸೇರಿದ್ದಲ್ವಾಪ್ಪ" ಅಂತ ಮಗಳು ಸಮಾಧಾನ ಹೇಳಿದಳು. ಸೇರಿದ್ದು ಹೌದು. ಆದರೆ ನಮ್ಮ ಬ್ಯಾನ್ಬರಿಯ ಮೇಲೆ ಗಾಳಿ ಎಳೆಯುವ ಡಕ್ಟು ಬಂದಿದ್ದು 2004ರಲ್ಲಿ. ಇನ್‌ಸ್ಪೆಕ್ಷನ್ ಇದ್ದ ದಿನ ಅದು ತುಂಬಾ ಚೆನ್ನಾಗಿ ಓಡುತ್ತಿತ್ತು.

ನನ್ನದೇನಾಯಿತು ಅಂತ ಕೇಳುತ್ತೀರಿ. ಸ್ಕ್ಯಾನಿಂಗ್ ಆಯಿತು. ಮೂತ್ರದಲ್ಲಿ ಕ್ಯಾನ್ಸರಿನ ಜೀವಕೋಶ ಉದುರಿದೆಯಾ ಅಂತ ನೋಡುವ ಸೈಟಾಲಜಿ ಆಯಿತು. ಬ್ರಿಟನ್ನಿನ ರಬ್ಬರ್ ಕಾರ್ಮಿಕರಿಗೆ ಈ ಪರೀಕ್ಷೆಯನ್ನು 1950ರ ದಶಕದಲ್ಲೇ ಶುರುಮಾಡಿದ್ದರಂತೆ. ನನಗೆ ಆಗ ಮೊದಲ ಸಲ. ಆಮೇಲೆ ಮೂತ್ರದ ದಾರಿಯಲ್ಲಿ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ಸಿಸ್ಟೋಸ್ಕೋಪಿ. ಮರಗಟ್ಟುವ ಜೆಲ್ ಹಾಕುತ್ತಾರೆ. ನೋವು ಅನ್ನುವುದಕ್ಕಿಂತ ಮುಜುಗರ ಜಾಸ್ತಿ. ಐದಾರು ನಿಮಿಷ. ಪರದೆಯಲ್ಲಿ ನನ್ನ ಮೂತ್ರಕೋಶ ನಾನೇ ನೋಡಿದೆ, ನಸುಗೆಂಪು, ಎಳೆ ಎಳೆ ರಕ್ತನಾಳ. ಗಡ್ಡೆ ಇಲ್ಲ. ಪ್ರಾಸ್ಟೇಟ್ ಊದಿಕೊಂಡಿದೆ, ರಕ್ತ ಅಲ್ಲಿಂದ ಬಂದಿರಬಹುದು ಅಂದರು. ಮೂತ್ರದಲ್ಲಿ ಇಷ್ಟು ಸಣ್ಣ ಪ್ರಮಾಣದ ರಕ್ತ ಬಂದವರಲ್ಲಿ ಹೆಚ್ಚಿನವರಿಗೆ ಕಾರಣ ಕ್ಯಾನ್ಸರ್ ಅಲ್ಲ, ಕಲ್ಲು, ಸೋಂಕು, ಪ್ರಾಸ್ಟೇಟು ಅಂತಲೂ ಹೇಳಿದರು. "ಆದ್ರೆ ನೀವು ವರ್ಷಕ್ಕೊಂದ್ಸಲ ಮೂತ್ರ ತೋರಿಸ್ತಾ ಇರಿ. ಇದು ಇಪ್ಪತ್ತು, ಮೂವತ್ತು ವರ್ಷ ಬಿಟ್ಟೂ ಬರುತ್ತೆ" ಅಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ದೇವರಿಗೆ ಕೈ ಮುಗಿದು, "ಇನ್ನಾದ್ರೂ ಬಿಳಿ ಕವರ್ ಹಾಕ್ಲಾ?" ಅಂದಳು.

ಇಷ್ಟಕ್ಕೂ ಆ 8–10 ತೋರಿಸಿದ್ದು ಈ ಪ್ಯಾಕೇಜೇ. ಹಾಗಾಗಿ ಮೂರು ಸ್ಟಾರು. ಹುಡುಗನಿಗೆ ಬೇರೆ ಐದು ಕೊಟ್ಟಿದ್ದೇನೆ. ಒಂದು ಕಳೆದಿದ್ದು ಫೋನಿನ ಡಾಕ್ಟರಿಗೆ, ಇನ್ನೊಂದು ಆ ಫಾರಮ್ಮಿಗೆ.

ನನ್ನ ಹಾಗೆ ಮಿಲ್ಲು, ಪ್ರೆಸ್ಸು, ರೀಟ್ರೆಡಿಂಗ್ ಅಂಗಡಿಯಲ್ಲಿ ನಿಂತವರು ಇದನ್ನು ತಗೊಳ್ಳಬೇಕಾ? ಸಕ್ಕರೆ, ಕೊಬ್ಬು ನೋಡಿಸಬೇಕು ಅಂದರೆ ತಗೊಳ್ಳಿ. ರಬ್ಬರ್ ಕೆಲಸದ ಸಲುವಾಗಿ ಅಂದರೆ ಬೇಡ. ಬೀದಿ ಮೂಲೆಯ ಲ್ಯಾಬಿನಲ್ಲಿ ಮೂತ್ರದ ಸಾದಾ ಪರೀಕ್ಷೆಗೆ ನಾನು ಕೊಟ್ಟಿದ್ದು 120 ರೂಪಾಯಿ. ಜೊತೆಗೆ 'ಟ್ಯೂಮರ್ ಮಾರ್ಕರ್' ಅಂತ 1,800 ರೂಪಾಯಿಯ ರಕ್ತಪರೀಕ್ಷೆ ಸೇರಿಸಿಕೊಳ್ಳಿ ಅಂತ ಆ್ಯಪಿನಲ್ಲಿ ಒತ್ತಾಯ ಮಾಡುತ್ತಾರೆ. ಏನೂ ತೊಂದರೆ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕೋಕೆ ಅದು ಆಗಿಬರಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿದರು. ಮೂತ್ರ ಒಮ್ಮೆಯಾದರೂ ಕೆಂಪಗೆ ಹೋದರೆ ಎಳನೀರು ಕುಡಿಯಿರಿ, ಬೇಡ ಅನ್ನಲ್ಲ. ಕುಡಿದು ಡಾಕ್ಟರ ಹತ್ತಿರ ಹೋಗಿ. ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ, ರಬ್ಬರ್, ಇಷ್ಟು ವರ್ಷ, ಈ ಸೆಕ್ಷನ್ನು ಅಂತ.

ದುಡ್ಡಿನ ವಿಷಯ. ಇಎಸ್‌ಐ ಅನ್ನುವ ಕಾರ್ಮಿಕರ ವಿಮೆಯಲ್ಲಿ ಕನಿಷ್ಠ 5 ವರ್ಷ ಇದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ನಮ್ಮ ಬ್ಯಾಚಿನ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಕಾರ್ಡು ಪೆಟ್ಟಿಗೆಯಲ್ಲಿಟ್ಟು ಕೂತಿದ್ದಾರೆ. ಇಎಸ್‌ಐ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿಯೂ ಇತ್ತು. ಮೂತ್ರಕೋಶದ ಒಳಪದರದ ಗಡ್ಡೆ ಅದರಲ್ಲಿತ್ತು. ಮೇಸ್ತ್ರಿ ಮನೆಯವರು ಅದಕ್ಕೆ ಅರ್ಜಿ ಹಾಕಲೇ ಇಲ್ಲ. ಅವರ ಕಾಗದಗಳಲ್ಲಿ ಎಲ್ಲೂ ರಬ್ಬರ್ ಅಂತ ಬರೆದಿರಲಿಲ್ಲ.

ಹೋದ ವಾರ ಲ್ಯಾಬಿನಿಂದ ಮತ್ತೆ ಫೋನು. ಒಂದು ವರ್ಷವಾಯಿತು, ಪ್ಯಾಕೇಜು ರಿನ್ಯೂ ಮಾಡಿಸಿ, ಈ ಸಲ 96 ಪರೀಕ್ಷೆ, 2,799 ಅಂದಳು ಹುಡುಗಿ. ಪಾಪ, ಒಳ್ಳೆಯ ದನಿ. "ಮಾಡಿಸ್ತೀನಮ್ಮ, ಮೊದಲು ನಾನು ಏನ್ ಕೆಲಸ ಮಾಡ್ತಿದ್ದೆ ಅಂತ ಬರ್ಕೊ" ಅಂದೆ. ರಬ್ಬರ್ ಮಿಕ್ಸಿಂಗು 14 ವರ್ಷ, ಕ್ಯೂರಿಂಗ್ 19 ವರ್ಷ ಅಂತ ನಿಧಾನವಾಗಿ ಹೇಳಿದೆ. ಕೀಬೋರ್ಡ್ ಟಕಟಕ ಅಂದಿತು. ಆಮೇಲೆ ನಿಂತಿತು.

"ಸರ್, ಅದು ತಗೊಳ್ತಾ ಇಲ್ಲ. 'ನಿವೃತ್ತ' ಅಂತಲೇ ಇರ್ಲಾ?"